ಪಾಡ್‌ಕಾಸ್ಟ್ ಪಠ್ಯ | ಕಷಾಯಕ್ಕೂ ಮಾತ್ರೆಗೂ ಲಿವರ್ ಒಂದೇ

ವಿದ್ಯಾರಣ್ಯಪುರದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಎಲ್ಲಾದ್ರೂ ಕುಕ್ಕರ್ ವಿಷಲ್ ಕೇಳಿಸಿದ್ರೆ ಕ್ಷಮಿಸಿ. ನನ್ನ ಸ್ಟುಡಿಯೋ ಅಂದ್ರೆ ಅಡುಗೆಮನೆ ಪಕ್ಕದ ರೂಮು. ಇವತ್ತಿನ ವಿಷಯ ಶುರುವಾಗೋದೂ ಅದೇ ಅಡುಗೆಮನೆಯಿಂದ.

ಕೋವಿಡ್ ಎರಡನೇ ಅಲೆ ಇಳಿದ ಮೇಲೆ ನಮ್ಮಮ್ಮಂಗೆ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದ್ವಿ. ಬಿಪಿ ಇದೆ, ಕೊಲೆಸ್ಟರಾಲ್ ಇದೆ, ಎರಡಕ್ಕೂ ಮಾತ್ರೆ ತಗೋತಾರೆ. ವರ್ಷಕ್ಕೊಂದು ಸಲ ಟೆಸ್ಟ್. ಆ ಸಲ ರಿಪೋರ್ಟ್ ಬಂದಾಗ ಶುಗರ್ ಸರಿ ಇತ್ತು, ಕಿಡ್ನಿ ಸರಿ ಇತ್ತು, ಆದ್ರೆ ಎಸ್‌ಜಿಪಿಟಿ ಅನ್ನೋ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಇರಬೇಕಾದ್ದಕ್ಕಿಂತ ಏಳೆಂಟು ಪಟ್ಟು. ಲಿವರ್ ಕೋಶಗಳಿಗೆ ಏಟು ಬಿದ್ದಾಗ ಅದರೊಳಗಿನ ಈ ಅಂಶ ರಕ್ತಕ್ಕೆ ಸೋರುತ್ತೆ, ಅದನ್ನೇ ಈ ಟೆಸ್ಟ್ ಅಳೆಯೋದು.

ಡಾಕ್ಟರ್ ಕೇಳಿದ್ರು, "ಕುಡಿಯೋ ಅಭ್ಯಾಸ ಇದೆಯಾ?" ಅಮ್ಮ ನಕ್ಕುಬಿಟ್ರು. "ನಾನು ಕೊಟ್ಟಿರೋ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಾ ಇದ್ದೀರಾ?" ಅಮ್ಮ ಹೇಳಿದ್ದು: "ಇಲ್ಲ ಡಾಕ್ಟ್ರೇ, ಬೇರೇನೂ ಇಲ್ಲ."

ನಾನು ಪಕ್ಕದಲ್ಲೇ ಕೂತಿದ್ದೆ. ನನಗೂ ಅದು ಸುಳ್ಳು ಅನ್ನಿಸಲಿಲ್ಲ. ಮನೆಗೆ ಬಂದು ನೀರು ಕುಡಿಯೋಕೆ ಅಡುಗೆಮನೆಗೆ ಹೋದಾಗ ಕಟ್ಟೆ ಮೇಲೆ ನೋಡ್ತೀನಿ: ಬೆಳಗ್ಗೆ ಕುದಿಸಿಟ್ಟ ಅಮೃತಬಳ್ಳಿ ಕಷಾಯದ ಪಾತ್ರೆ. ಅದರೊಳಗೆ ಮೆಣಸು, ಶುಂಠಿ, ಅರಿಶಿನ. ಪಕ್ಕದಲ್ಲಿ ಮಂಡಿನೋವಿಗೆ ಅಂತ ಅರಿಶಿನದ ಕ್ಯಾಪ್ಸೂಲ್ ಡಬ್ಬಿ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು, ನೂರಕ್ಕೆ ನೂರು ಸಹಜ, ಯಾವುದೇ ಅಡ್ಡಪರಿಣಾಮ ಇಲ್ಲ. ಆ ಡಬ್ಬಿ ಆನ್‌ಲೈನ್‌ನಲ್ಲಿ ಆಫರ್ ನೋಡಿ, ರಿವ್ಯೂ ಓದಿ ತರಿಸಿಕೊಟ್ಟಿದ್ದು ಬೇರೆ ಯಾರೂ ಅಲ್ಲ, ನಾನೇ.

"ಅಮ್ಮ, ಇದನ್ನ ಯಾಕೆ ಹೇಳಲಿಲ್ಲ?" ಅಂದ್ರೆ, "ಅವರು ಕೇಳಿದ್ದು ಔಷಧಿ. ಇದು ಔಷಧಿನಾ? ಇದು ನಮ್ಮನೆ ಕಷಾಯ" ಅಂದ್ರು.

ಇವತ್ತಿನ ಇಡೀ ಮಾತು ಅಮ್ಮನ ಆ ಒಂದು ಉತ್ತರದ ಬಗ್ಗೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡ್ತೀನಿ. ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವರಲ್ಲಿ ಒಬ್ಬರು. ಇಲ್ಲಿ ಹೇಳೋದು ಪ್ರಕಟವಾಗಿರೋ ವೈದ್ಯಕೀಯ ಅಧ್ಯಯನಗಳನ್ನ ಓದಿಕೊಂಡು ಅರ್ಥ ಮಾಡಿಕೊಂಡದ್ದು. ಇದನ್ನ ಕೇಳಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬೇಡಿ, ಶುರುನೂ ಮಾಡಬೇಡಿ. ಎರಡನೇದು, ಇದು ಆಯುರ್ವೇದದ ವಿರುದ್ಧದ ಸಂಚಿಕೆ ಅಲ್ಲ. ನಮ್ಮ ಏರಿಯಾದಿಂದ ಸ್ವಲ್ಪ ದೂರದಲ್ಲೇ, ಯಲಹಂಕದ ಅಟ್ಟೂರು ಹತ್ತಿರ ಜಾರಕಬಂಡೆ ಕಾವಲ್‌ನಲ್ಲಿ, ಔಷಧಿ ಗಿಡಗಳ ಮೇಲೇ ಕೆಲಸ ಮಾಡೋ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಇದೆ. ಗಿಡಮೂಲಿಕೆಗಳನ್ನ ಗಂಭೀರವಾಗಿ ತಗೊಳ್ಳೋ ಜನ ನಮ್ಮ ಸುತ್ತಲೇ ಇದ್ದಾರೆ. ನಾನು ಹೇಳ್ತಿರೋದೂ ಅದನ್ನೇ, ಗಂಭೀರವಾಗಿ ತಗೊಳ್ಳಿ ಅಂತ. ಕೆಲಸ ಮಾಡೋ ಶಕ್ತಿ ಇರೋ ವಸ್ತುವಿಗೆ ಬೇರೆ ಔಷಧಿಯ ಕೆಲಸದಲ್ಲಿ ಕೈ ಹಾಕೋ ಶಕ್ತಿನೂ ಇರುತ್ತೆ. ಒಂದನ್ನ ನಂಬಿ ಇನ್ನೊಂದನ್ನ ಇಲ್ಲ ಅನ್ನೋಕಾಗಲ್ಲ.

ಸರಿ, ಲಿವರ್ ಏನು ಮಾಡುತ್ತೆ ಅಂತ ನೋಡೋಣ.

ನಾವು ನುಂಗಿದ್ದು ಕರುಳಲ್ಲಿ ಹೀರಿಕೊಂಡ ಮೇಲೆ ಸೀದಾ ಮೈಗೆಲ್ಲ ಹೋಗಲ್ಲ. ಕರುಳಿಂದ ಒಂದು ದೊಡ್ಡ ರಕ್ತನಾಳ ಅದನ್ನೆಲ್ಲ ಮೊದಲು ಲಿವರ್‌ಗೆ ತಲುಪಿಸುತ್ತೆ. ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿ ಇರ್ತಾರಲ್ಲ, ಹಾಗೆ. ಪಾರ್ಸೆಲ್ ಯಾರಿಗೇ ಇರಲಿ, ಅಲ್ಲಿ ಎಂಟ್ರಿ ಆಗಲೇಬೇಕು. ಲಿವರ್‌ನಲ್ಲಿ ಎಂಜೈಮ್‌ಗಳು ಅಂತ ಕೆಲಸಗಾರರಿದ್ದಾರೆ. ಸಾಮಾನ್ಯವಾಗಿ ಕೆಲಸ ಎರಡು ಹಂತದಲ್ಲಿ ನಡೆಯುತ್ತೆ. ಮೊದಲ ಹಂತದಲ್ಲಿ ಔಷಧಿಯ ಅಣುವನ್ನ ಒಡೀತಾರೆ ಅಥವಾ ಬದಲಾಯಿಸ್ತಾರೆ. ಎರಡನೇ ಹಂತದಲ್ಲಿ ಅದಕ್ಕೆ ನೀರಲ್ಲಿ ಕರಗೋ ಒಂದು ತುಂಡನ್ನ ಅಂಟಿಸ್ತಾರೆ, ಆಗ ಅದು ಮೂತ್ರದಲ್ಲೋ ಪಿತ್ತರಸದಲ್ಲೋ ಹೊರಗೆ ಹೋಗುತ್ತೆ.

ಮೊದಲ ಹಂತದ ಕೆಲಸಗಾರರಲ್ಲಿ ಒಬ್ಬರ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ: ಸಿವೈಪಿ 3ಎ4. ನಾವು ಸಾಮಾನ್ಯವಾಗಿ ಬಳಸೋ ಔಷಧಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟನ್ನ ಈ ಒಂದು ಎಂಜೈಮೇ ನೋಡಿಕೊಳ್ಳುತ್ತೆ. ಕೊಲೆಸ್ಟರಾಲ್‌ನ ಅಟೊರ್ವಾಸ್ಟಾಟಿನ್, ಬಿಪಿಯ ಕೆಲವು ಮಾತ್ರೆಗಳು, ಕಿಡ್ನಿ ಕಸಿ ಆದವರು ತಗೊಳ್ಳೋ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಎಲ್ಲ ಇದೇ ಕೌಂಟರ್.

ಡಾಕ್ಟರ್ ನಿಮಗೆ 10 ಮಿಲಿಗ್ರಾಂ ಅಂತ ಬರೆದು ಕೊಡ್ತಾರಲ್ಲ, ಅದರಲ್ಲಿ ಒಂದು ಲೆಕ್ಕ ಇದೆ. ಇಷ್ಟನ್ನ ಲಿವರ್ ತೆಗೆದುಹಾಕುತ್ತೆ, ಇಷ್ಟು ರಕ್ತದಲ್ಲಿ ಉಳಿಯುತ್ತೆ ಅನ್ನೋ ಲೆಕ್ಕ. ಕೌಂಟರ್‌ನ ವೇಗ ಬದಲಾದ್ರೆ ಲೆಕ್ಕ ತಪ್ಪುತ್ತೆ. ಕೌಂಟರ್ ನಿಧಾನ ಆಯ್ತು ಅಂದ್ರೆ ಅದೇ 10 ಮಿಲಿಗ್ರಾಂ ಮೈಯೊಳಗೆ 20, 30ರ ಹಾಗೆ ಕೆಲಸ ಮಾಡಬಹುದು. ಜೋರಾಯ್ತು ಅಂದ್ರೆ ಅದೇ ಮಾತ್ರೆ ಅರ್ಧ ಮಾತ್ರೆ ಆಗಿಬಿಡಬಹುದು. ಚೀಟಿ ಅದೇ, ಮಾತ್ರೆ ಅದೇ, ಅಂಗಡಿ ಅದೇ. ಹೊರಗಿಂದ ಏನೂ ಗೊತ್ತಾಗಲ್ಲ.

ಈಗ ನಮ್ಮ ಬೆಂಗಳೂರಿಗೇ ಬರೋಣ.

ಮೆಣಸು-ಅರಿಶಿನದ ಜೋಡಿ ಬಗ್ಗೆ ಇವತ್ತು ಪ್ರಪಂಚದ ಎಲ್ಲ ಭಾಷೆಯಲ್ಲೂ ರೀಲ್ಸ್ ಇದೆ. ಅರಿಶಿನ ಒಂದೇ ತಗೊಂಡ್ರೆ ಮೈಗೆ ಹತ್ತಲ್ಲ, ಮೆಣಸು ಸೇರಿಸಿದ್ರೆ 2000 ಪರ್ಸೆಂಟ್ ಜಾಸ್ತಿ ಹತ್ತುತ್ತೆ ಅಂತ. ಆ 2000 ಎಲ್ಲಿಂದ ಬಂತು ಗೊತ್ತಾ? ನಮ್ಮ ಊರಿಂದ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಸೇರಿ ಮಾಡಿದ, 1998ರಲ್ಲಿ ಪ್ರಕಟವಾದ ಅಧ್ಯಯನ ಅದು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್, ಅಂದ್ರೆ ಅರಿಶಿನದ ಮುಖ್ಯ ಅಂಶ, ಕೊಟ್ಟಾಗ ರಕ್ತದಲ್ಲಿ ಅದು ಸಿಗಲೇ ಇಲ್ಲ ಅನ್ನೋಷ್ಟು ಕಮ್ಮಿ ಇತ್ತು. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಮೆಣಸಿನ ಖಾರದ ಅಂಶ, ಕೊಟ್ಟಾಗ ಮೊದಲ ಒಂದು ಗಂಟೆಯೊಳಗೆ ಮಟ್ಟ ಗಣನೀಯವಾಗಿ ಏರಿತು. ಅದೇ 2000 ಪರ್ಸೆಂಟ್.

ಜಾಹೀರಾತು ಮಾಡೋರು ಇಲ್ಲಿಗೇ ನಿಲ್ಲಿಸ್ತಾರೆ. ನಾವು ಒಂದು ಪ್ರಶ್ನೆ ಮುಂದೆ ಹೋಗೋಣ. ಮೆಣಸು ಅಷ್ಟು ದೊಡ್ಡ ಕೆಲಸ ಮಾಡಿದ್ದು ಹೇಗೆ?

ಕರ್ಕ್ಯುಮಿನ್‌ಗೆ ಮೆಣಸು ಹೊಸ ಶಕ್ತಿ ಏನೂ ಕೊಡಲಿಲ್ಲ. ಲಿವರ್ ಮತ್ತು ಕರುಳು ಕರ್ಕ್ಯುಮಿನ್‌ಗೆ ಆ ಎರಡನೇ ಹಂತದ ತುಂಡು ಅಂಟಿಸಿ ಹೊರಗೆ ಕಳಿಸ್ತಾ ಇದ್ವು. ಪೈಪರಿನ್ ಆ ಕೆಲಸವನ್ನ ಸ್ವಲ್ಪ ಹೊತ್ತು ತಡೀತು. ಅಂದ್ರೆ ಸೆಕ್ಯೂರಿಟಿಯನ್ನ ಮಾತಿಗೆ ಎಳೆದು ನಿಲ್ಲಿಸಿಕೊಂಡು, ಆ ಕಡೆಯಿಂದ ಅರಿಶಿನ ಒಳಗೆ ಹೋಯ್ತು. ನಂತರದ ಪ್ರಯೋಗಾಲಯದ ಕೆಲಸಗಳಲ್ಲಿ ಪೈಪರಿನ್ ನಾನು ಆಗ ಹೇಳಿದ ಸಿವೈಪಿ 3ಎ4 ಅನ್ನೂ ತಡೆಯುತ್ತೆ ಅಂತ ಕಂಡಿದೆ.

ಈಗ ಯೋಚನೆ ಮಾಡಿ. ಸೆಕ್ಯೂರಿಟಿ ಗೇಟ್ ಬಿಟ್ಟಿರೋ ಹೊತ್ತಲ್ಲಿ ಅರಿಶಿನ ಒಂದೇ ಒಳಗೆ ಹೋಗುತ್ತಾ? ಬೆಳಗ್ಗೆ ಕಷಾಯದ ಜೊತೆಗೇ ನುಂಗಿದ ಬಿಪಿ ಮಾತ್ರೆ? 1991ರಲ್ಲಿ ನಮ್ಮ ದೇಶದ ಸಂಶೋಧಕರೇ ಪ್ರಕಟಿಸಿದ್ರು: ಆರೋಗ್ಯವಂತರಿಗೆ ದಿನಕ್ಕೆ 20 ಮಿಲಿಗ್ರಾಂ ಪೈಪರಿನ್ ಒಂದು ವಾರ ಕೊಟ್ಟಾಗ ಬಿಪಿಗೆ ಕೊಡೋ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ಎರಡರ ಮಟ್ಟವೂ ರಕ್ತದಲ್ಲಿ ಏರಿತ್ತು. ಥಿಯೋಫಿಲಿನ್ ಅಂತೂ ಸ್ವಲ್ಪ ಜಾಸ್ತಿಯಾದ್ರೂ ಎದೆಬಡಿತ ಏರುಪೇರಾಗೋ ಔಷಧಿ.

20 ಮಿಲಿಗ್ರಾಂ ಪೈಪರಿನ್ ಅಂದ್ರೆ ಎಷ್ಟು ಮೆಣಸು? ಕಾಳುಮೆಣಸಲ್ಲಿ ಪೈಪರಿನ್ ಸುಮಾರು ಶೇಕಡಾ 5ರ ಆಸುಪಾಸು. ಲೆಕ್ಕ ಹಾಕಿದ್ರೆ ಅರ್ಧ ಗ್ರಾಂಗಿಂತ ಸ್ವಲ್ಪ ಕಮ್ಮಿ, ಎಂಟು ಹತ್ತು ಕಾಳು. ಕುದಿಸಿದ ನೀರಿಗೆ ಅದು ಪೂರ್ತಿ ಇಳಿಯೋದಿಲ್ಲ, ಹಾಗಾಗಿ ಸಾರಿಗೆ, ಪೊಂಗಲ್‌ಗೆ ಹೆದರಬೇಕಿಲ್ಲ. ಆದ್ರೆ ಕ್ಯಾಪ್ಸೂಲ್‌ನಲ್ಲಿ ಇರೋದು ಮೆಣಸಲ್ಲ, ಮೆಣಸಿನ ಸಾರ. ಅದನ್ನ ಹಾಕಿರೋದೇ ಗೇಟ್ ತೆಗೆಸೋಕೆ. ಆಮೇಲೆ ದಿನಾ, ತಿಂಗಳುಗಟ್ಟಲೆ.

ಇದೇ ಗುಣವನ್ನ ಒಳ್ಳೇದಕ್ಕೂ ಬಳಸಿದ್ದಾರೆ. ನಮ್ಮ ದೇಶದಲ್ಲೇ ಟಿಬಿಗೆ ಒಂದು ಮಾತ್ರೆ ಬಂತು. ಅದರಲ್ಲಿ ರಿಫಾಂಪಿಸಿನ್ ಪ್ರಮಾಣ ಸಾಮಾನ್ಯವಾಗಿ ಇರೋ 450ರ ಬದಲು 200 ಮಿಲಿಗ್ರಾಂ. ಕಮ್ಮಿ ಆದದ್ದನ್ನ ತುಂಬೋಕೆ 10 ಮಿಲಿಗ್ರಾಂ ಪೈಪರಿನ್ ಸೇರಿಸಿದ್ರು. ಆಯುರ್ವೇದದಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವನ್ನ ಅಷ್ಟೊಂದು ಔಷಧಿಗಳಲ್ಲಿ ಯಾಕೆ ಸೇರಿಸ್ತಾರೆ ಅಂತ ಹುಡುಕಿಕೊಂಡು ಹೋದಾಗ ಸಿಕ್ಕ ದಾರಿ ಇದು. ವ್ಯತ್ಯಾಸ ಗಮನಿಸಿ. ಅಲ್ಲಿ ಇದು ಬೆರೆಯುತ್ತೆ ಅಂತ ಗೊತ್ತಿದ್ದು, ಅಳತೆ ಮಾಡಿ, ಇನ್ನೊಂದು ಔಷಧಿಯ ಪ್ರಮಾಣವನ್ನ ಇಳಿಸಿ ಕೊಟ್ರು. ನಮ್ಮ ಅಡುಗೆಮನೆಯಲ್ಲಿ ಅದೇ ಬೆರಕೆ ಯಾರಿಗೂ ಗೊತ್ತಿಲ್ಲದೆ, ಅಳತೆ ಇಲ್ಲದೆ ನಡೆಯುತ್ತೆ.

ಇನ್ನೊಂದು ಉದಾಹರಣೆ ನಮ್ಮಿಂದ ಅರ್ಧ ಮುಕ್ಕಾಲು ಗಂಟೆ ದೂರದಲ್ಲಿದೆ. ದೇವನಹಳ್ಳಿ ಚಕ್ಕೋತ. ಏರ್‌ಪೋರ್ಟ್ ರಸ್ತೆಯಲ್ಲಿ ಓಡಾಡೋರಿಗೆಲ್ಲ ಗೊತ್ತು, ಭೌಗೋಳಿಕ ಸೂಚಕ ಮಾನ್ಯತೆ ಇರೋ ಹಣ್ಣು.

1980ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನೋರ ತಂಡ ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆಗೂ ಮದ್ಯಕ್ಕೂ ಏನು ಸಂಬಂಧ ಅಂತ ನೋಡ್ತಾ ಇತ್ತು. ಮದ್ಯದ ರುಚಿ ಗೊತ್ತಾಗಬಾರದು ಅಂತ ದ್ರಾಕ್ಷಿಹಣ್ಣಿನ ಹೆಸರಿದ್ದರೂ ದ್ರಾಕ್ಷಿ ಅಲ್ಲದ, ನಮ್ಮ ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ರು. ನೋಡಿದ್ರೆ ಎಲ್ಲರ ರಕ್ತದಲ್ಲೂ ಔಷಧಿ ಮಟ್ಟ ನಿರೀಕ್ಷೆಗಿಂತ ಬಹಳ ಜಾಸ್ತಿ. ಕಾರಣ ಮದ್ಯ ಅಲ್ಲ, ಆ ಹಣ್ಣಿನ ರಸ. ಅದರಲ್ಲಿರೋ ಕೆಲವು ಅಂಶಗಳು ಸಿವೈಪಿ 3ಎ4 ಅನ್ನ ಕೆಡಿಸಿಬಿಡುತ್ತವೆ. ಇಲ್ಲಿ ಒಂದು ತಿದ್ದುಪಡಿ ಹೇಳಬೇಕು: ಈ ಹಣ್ಣಿನ ವಿಷಯದಲ್ಲಿ ಹೆಚ್ಚಿನ ಕೆಲಸ ನಡೆಯೋದು ಲಿವರ್‌ನಲ್ಲಲ್ಲ, ಕರುಳಿನ ಗೋಡೆಯಲ್ಲಿರೋ ಅದೇ ಎಂಜೈಮ್ ಮೇಲೆ. ಕೆಟ್ಟ ಎಂಜೈಮ್ ಜಾಗಕ್ಕೆ ಹೊಸದು ಬರೋಕೆ ಒಂದೆರಡು ದಿನ ಬೇಕು. ಹಾಗಾಗಿ "ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ" ಅಂತ ಸಮಯ ಬದಲಾಯಿಸಿದ್ರೆ ತಪ್ಪಿಸಿಕೊಳ್ಳೋಕಾಗಲ್ಲ.

ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಚಕ್ಕೋತದಲ್ಲೂ ಅದೇ ಬಗೆಯ ಅಂಶಗಳಿವೆ. ಕಿಡ್ನಿ ಕಸಿ ಆಗಿದ್ದ ಜಪಾನಿನ ಒಬ್ಬ ರೋಗಿಯಲ್ಲಿ ಚಕ್ಕೋತ ತಿಂದ ಮೇಲೆ ಟ್ಯಾಕ್ರೋಲಿಮಸ್ ಮಟ್ಟ ಏರಿದ್ದು ವರದಿಯಾಗಿದೆ. ನಮ್ಮಲ್ಲಿ ಕಸಿ ಆದವರಿಗೆ ಆಸ್ಪತ್ರೆಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಚೀಟಿ ಕೊಡ್ತಾರೆ. ಮನೆಯವರು "ಅದನ್ನ ನಾವು ಎಲ್ಲಿ ತಿಂತೀವಿ" ಅಂತ ನಿರಾಳವಾಗಿ ಬರ್ತಾರೆ. ಬರೋ ದಾರಿಯಲ್ಲಿ ಚಕ್ಕೋತ ತಗೊಳ್ಳೋ ಸಾಧ್ಯತೆ ಇದೆ ಅಂತ ಆ ಚೀಟಿಯಲ್ಲಿ ಬರೆದಿರಲ್ಲ.

ಇಷ್ಟು ಹೊತ್ತು ಹೇಳಿದ್ದು ಕೌಂಟರ್ ನಿಧಾನ ಆಗೋ ಕಥೆ. ಇನ್ನೊಂದು, ಕೌಂಟರ್ ಜೋರಾಗೋ ಕಥೆ. ಇದು ಇನ್ನೂ ಸದ್ದಿಲ್ಲದ್ದು, ಯಾಕಂದ್ರೆ ಇಲ್ಲಿ ಹೊಸ ತೊಂದರೆ ಏನೂ ಆಗಲ್ಲ. ಹಳೇ ಕಾಯಿಲೆ ವಾಪಸ್ ಬರುತ್ತೆ ಅಷ್ಟೆ.

ಮುಂಬೈನ ವೈದ್ಯರು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮೂರ್ಛೆರೋಗಕ್ಕೆ ಫೆನಿಟಾಯಿನ್ ತಗೊಂಡು ಸರಿಯಾಗಿದ್ದ ಇಬ್ಬರಿಗೆ ಇದ್ದಕ್ಕಿದ್ದಂತೆ ಮತ್ತೆ ಫಿಟ್ಸ್ ಬರೋಕೆ ಶುರುವಾಯ್ತು. ರಕ್ತ ನೋಡಿದ್ರೆ ಔಷಧಿ ಮಟ್ಟ ಇಳಿದಿದೆ. ವಿಚಾರಿಸಿದಾಗ ಗೊತ್ತಾಯ್ತು, ಇಬ್ಬರೂ ಶಂಖಪುಷ್ಪಿ ಸಿರಪ್ ತಗೋತಾ ಇದ್ರು. ಆಮೇಲೆ ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ, ಒಂದು ಸಲ ಕೊಟ್ಟರೆ ಮಟ್ಟ ಬದಲಾಗಲಿಲ್ಲ, ಮತ್ತೆ ಮತ್ತೆ ಕೊಟ್ಟಾಗ ಫೆನಿಟಾಯಿನ್ ಮಟ್ಟ ಇಳಿದಿತ್ತು. ಶಂಖಪುಷ್ಪಿಯನ್ನ ನಾವು ಯಾತಕ್ಕೆ ಕೊಡ್ತೀವಿ? ಪರೀಕ್ಷೆ ಬರ್ತಾ ಇದೆ, ಮಕ್ಕಳಿಗೆ ಜ್ಞಾಪಕಶಕ್ತಿ ಇರಲಿ ಅಂತ. ಫಿಟ್ಸ್ ಇರೋ ಮಗುವಿನ ತಾಯಿಗೆ, ಓದಿನಲ್ಲಿ ಹಿಂದೆ ಬೀಳ್ತಿದೆ ಅನ್ನೋ ಚಿಂತೆ ಇರೋ ತಾಯಿಗೆ, ಮೊದಲು ಕಣ್ಣಿಗೆ ಬೀಳೋದೇ ಆ ಬಾಟಲಿ.

ಪಶ್ಚಿಮದ ದೇಶಗಳಲ್ಲಿ ಇದೇ ಪಾಠ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡದಿಂದ ಬಂತು. ನಮ್ಮ ಮೆಡಿಕಲ್ ಕಾಲೇಜಿಗೂ ಅದಕ್ಕೂ ಹೆಸರು ಬಿಟ್ಟು ಬೇರೆ ಸಂಬಂಧ ಇಲ್ಲ. ಮನಸ್ಸಿನ ಬೇಸರಕ್ಕೆ ಅಂತ ಜನ ಅಂಗಡಿಯಲ್ಲಿ ಕೊಂಡು ತಗೋತಾರೆ. ಅದು ಲಿವರ್‌ನ ಎಂಜೈಮ್‌ಗಳನ್ನ ಹೆಚ್ಚಿಸುತ್ತೆ. 2000ನೇ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವೈದ್ಯರು ವರದಿ ಮಾಡಿದ್ರು: ಹೃದಯ ಕಸಿ ಆಗಿದ್ದ ಇಬ್ಬರು ಈ ಗಿಡದ ಮಾತ್ರೆ ತಗೊಂಡ ಮೇಲೆ ಅವರ ಸೈಕ್ಲೋಸ್ಪೋರಿನ್ ಮಟ್ಟ ಕುಸಿದು, ದೇಹ ಕಸಿ ಮಾಡಿದ ಹೃದಯವನ್ನೇ ತಿರಸ್ಕರಿಸೋಕೆ ಶುರು ಮಾಡಿತು. ಅದೇ ವರ್ಷ ಎಚ್‌ಐವಿ ಔಷಧಿ ಇಂಡಿನಾವಿರ್ ಮಟ್ಟ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಕಂಡು ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲಿ ಕೀಲುನೋವಿಗೂ ಕೊಬ್ಬಿಗೂ ಕೊಡೋ ಗುಗ್ಗುಲು ಕೂಡ ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಮಟ್ಟವನ್ನ ಇಳಿಸುತ್ತೆ ಅಂತ 1994ರ ಭಾರತೀಯ ಅಧ್ಯಯನವೊಂದು ಹೇಳುತ್ತೆ.

ಮೂರನೇದು, ಬೆರಕೆ ಅಲ್ಲ, ಗಿಡದಿಂದಲೇ ಲಿವರ್‌ಗೆ ಏಟು ಬೀಳೋದು. ಇಲ್ಲಿ ಅಮೃತಬಳ್ಳಿ ಬರುತ್ತೆ.

2020ರ ಮಾರ್ಚ್ ಕೊನೆಯಲ್ಲಿ ಆಯುಷ್ ಸಚಿವಾಲಯ ರೋಗನಿರೋಧಕ ಶಕ್ತಿಗೆ ಅಂತ ಕೆಲವು ಸಲಹೆ ಕೊಟ್ಟಿತ್ತು. ತುಳಸಿ, ಚಕ್ಕೆ, ಮೆಣಸು, ಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯ ದಿನಕ್ಕೆ ಒಂದೆರಡು ಸಲ, ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ. ಅದು ಮನೆ ಮನೆ ತಲುಪೋ ಹೊತ್ತಿಗೆ ವಾಟ್ಸ್ಯಾಪ್‌ನಲ್ಲಿ ಇನ್ನಷ್ಟು ಸೇರಿಕೊಂಡಿತ್ತು. ಅಮೃತಬಳ್ಳಿ ಅಂತೂ ನಮ್ಮ ಬಡಾವಣೆಯಲ್ಲಿ ಕಾಂಪೌಂಡಿಂದ ಕಾಂಪೌಂಡಿಗೆ ಹಬ್ಬಿತು. ನಮ್ಮನೆಗೂ ಪಕ್ಕದ ಮನೆ ಬಳ್ಳಿಯ ತುಂಡೇ ಬಂದದ್ದು.

2021ರಲ್ಲಿ ಮುಂಬೈನ ಲಿವರ್ ತಜ್ಞರು ಅಮೃತಬಳ್ಳಿ ತಗೋತಿದ್ದ ಆರು ಜನರಲ್ಲಿ ಕಂಡ ಲಿವರ್ ತೊಂದರೆ ಬಗ್ಗೆ ಬರೆದ್ರು. ಅದೇ ಜುಲೈನಲ್ಲಿ ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ. ಬಳ್ಳಿಯನ್ನ ಸರಿಯಾಗಿ ಗುರುತಿಸಿಲ್ಲ, ನೋಡೋಕೆ ಹಾಗೇ ಇರೋ ಟಿನೋಸ್ಪೋರಾ ಕ್ರಿಸ್ಪಾ ಅನ್ನೋ ಇನ್ನೊಂದು ಜಾತಿ ಇದೆ, ಅದರಿಂದ ಹಾನಿ ಆಗಬಹುದು ಅಂತ ಹೇಳಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದ್ರು. ಅವರಲ್ಲಿ ಹಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಇತ್ತು. ಹೆಚ್ಚಿನವರು ಬಳ್ಳಿ ನಿಲ್ಲಿಸಿ ಚಿಕಿತ್ಸೆ ತಗೊಂಡ ಮೇಲೆ ಸುಧಾರಿಸಿದ್ರು, ಕೆಲವರು ಉಳಿಯಲಿಲ್ಲ.

ಲಕ್ಷಾಂತರ ಜನ ಕುಡಿದದ್ದರಲ್ಲಿ 43 ಅನ್ನೋದು ಸಣ್ಣ ಸಂಖ್ಯೆ ಅಲ್ವಾ ಅಂತ ನೀವು ಕೇಳಬಹುದು. ನಿಜ. ಬಹಳ ಜನಕ್ಕೆ ಏನೂ ಆಗಲ್ಲ. ಹಾಗಾದ್ರೆ ಕೆಲವರಿಗೆ ಮಾತ್ರ ಯಾಕೆ? ಅರಿಶಿನದ ವಿಷಯದಲ್ಲಿ ಇದಕ್ಕೊಂದು ಸುಳಿವು ಸಿಕ್ಕಿದೆ. ಔಷಧಿಯಿಂದ ಲಿವರ್‌ಗೆ ಆಗೋ ಹಾನಿಯನ್ನ ದಾಖಲಿಸೋ ಅಮೆರಿಕದ ಒಂದು ಜಾಲ, ಅರಿಶಿನದ ಪೂರಕಗಳಿಂದ ಹಾನಿಯಾದ 10 ಜನರನ್ನ ಪರಿಶೀಲಿಸಿತು. 10ರಲ್ಲಿ 7 ಜನರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನೋ ಒಂದೇ ವಂಶವಾಹಿ ರೂಪ ಇತ್ತು. ಕೆಲವರ ಕ್ಯಾಪ್ಸೂಲ್‌ನಲ್ಲಿ ಮೆಣಸಿನ ಅಂಶವೂ ಇತ್ತು. ಅಂದ್ರೆ "ನಮ್ಮಜ್ಜಿ ಜೀವನಪೂರ್ತಿ ಕುಡಿದ್ರು, ಏನೂ ಆಗಲಿಲ್ಲ" ಅನ್ನೋದು ಅಜ್ಜಿಯ ಬಗ್ಗೆ ನಿಜ. ನನ್ನ ಬಗ್ಗೆ ಅದು ಏನೂ ಹೇಳಲ್ಲ. ಅಜ್ಜಿ ಸಾರಿಗೆ ಹಾಕಿದ ಅರಿಶಿನವನ್ನ ಸಾರಿನ ಅಳತೆಯಲ್ಲಿ ತಿಂದ್ರು. ಅಜ್ಜಿ ದಿನಕ್ಕೆ ಮೂರು ಇಂಗ್ಲಿಷ್ ಮಾತ್ರೆನೂ ನುಂಗ್ತಾ ಇರಲಿಲ್ಲ.

ಹಾಗಾದ್ರೆ ನಮ್ಮಮ್ಮಂಗೆ ಆಗಿದ್ದೇನು?

ರಿಪೋರ್ಟ್, ಡಬ್ಬಿ, ಬಳ್ಳಿಯ ತುಂಡು ಎಲ್ಲ ತಗೊಂಡು ಮತ್ತೆ ಡಾಕ್ಟರ್ ಹತ್ರ ಹೋದ್ವಿ. ನಾನು ಒಂದೇ ಉತ್ತರ ಬೇಕು ಅಂತ ಹೋಗಿದ್ದೆ. ಅವರು ಕೊಡಲಿಲ್ಲ. ಕೊಲೆಸ್ಟರಾಲ್ ಮಾತ್ರೆಯಿಂದಲೂ ಕೆಲವರಿಗೆ ಎಸ್‌ಜಿಪಿಟಿ ಏರುತ್ತೆ. ಮೆಣಸಿನ ಸಾರ ಆ ಮಾತ್ರೆಯನ್ನ ಮೈಯಲ್ಲಿ ಜಾಸ್ತಿ ಹೊತ್ತು ಉಳಿಸಿರಬಹುದು. ಅಮೃತಬಳ್ಳಿಯೇ ಕಾರಣ ಇರಬಹುದು. ಅರಿಶಿನದ ಕ್ಯಾಪ್ಸೂಲ್ ಇರಬಹುದು. ಎಲ್ಲ ಸೇರಿ ಇರಬಹುದು. "ಎಲ್ಲ ಒಟ್ಟಿಗೆ ಹೋದಾಗ ಯಾರು ಮಾಡಿದ್ದು ಅಂತ ಲಿವರ್ ಹೆಸರು ಬರೆದಿಡಲ್ಲ" ಅಂದ್ರು. ಮೊದಲು ಕಾಮಾಲೆ ವೈರಸ್‌ಗಳ ಟೆಸ್ಟ್ ಮಾಡಿಸಿದ್ರು, ಅದು ಇಲ್ಲ ಅಂತ ಬಂತು. ಕಷಾಯ, ಕ್ಯಾಪ್ಸೂಲ್ ಎರಡೂ ನಿಲ್ಲಿಸಿದ್ರು. ಕೊಲೆಸ್ಟರಾಲ್ ಮಾತ್ರೆಯನ್ನೂ ಅವರೇ ಸ್ವಲ್ಪ ದಿನ ನಿಲ್ಲಿಸಿದ್ರು. ಎರಡು ತಿಂಗಳಲ್ಲಿ ಎಸ್‌ಜಿಪಿಟಿ ಇಳೀತು. ಆಮೇಲೆ ಮಾತ್ರೆ ಮತ್ತೆ ಶುರು ಮಾಡಿ, ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿದ್ರು. ಏರಲಿಲ್ಲ. ಅಷ್ಟು ಮಾತ್ರ ಗೊತ್ತು.

ನಮ್ಮ ಪುಣ್ಯ, ಕಣ್ಣು ಹಳದಿಯಾಗೋ ಮೊದಲೇ ಗೊತ್ತಾಯ್ತು. ಅದು ಗೊತ್ತಾಗಿದ್ದು ವರ್ಷದ ಟೆಸ್ಟ್ ಆ ತಿಂಗಳೇ ಬಂದದ್ದರಿಂದ. ಅಮ್ಮಂಗೆ ಯಾವ ಲಕ್ಷಣವೂ ಇರಲಿಲ್ಲ. ಮೂರು ತಿಂಗಳು ತಡವಾಗಿದ್ರೆ ನಾನು ಈ ಸಂಚಿಕೆಯನ್ನ ಬೇರೆ ದನಿಯಲ್ಲಿ ಮಾಡಬೇಕಿತ್ತೇನೋ.

ಈಗ ಅಮ್ಮನ ಆ ಉತ್ತರಕ್ಕೆ ಬರ್ತೀನಿ. "ಬೇರೇನೂ ಇಲ್ಲ."

ಇದರಲ್ಲಿ ಅಮ್ಮನ ತಪ್ಪು ಎಷ್ಟು? ನಮ್ಮ ಭಾಷೆಯಲ್ಲೇ ನಾವು ಎರಡು ಕಪಾಟು ಮಾಡಿಟ್ಟಿದ್ದೀವಿ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಮನೆಮದ್ದು. ಮೊದಲನೇದಕ್ಕೆ ಚೀಟಿ ಇದೆ, ಬಿಲ್ ಇದೆ, ಎಕ್ಸ್‌ಪೈರಿ ಡೇಟ್ ಇದೆ. ಎರಡನೇದಕ್ಕೆ ಪ್ರೀತಿ ಇದೆ. ಡಾಕ್ಟರ್ ಕೇಳೋದು ಮೊದಲನೇ ಕಪಾಟು. ಎರಡನೇದನ್ನ ತೋರಿಸೋಕೆ ನಾಚಿಕೆ, ಬೈತಾರೆ ಅನ್ನೋ ಹೆದರಿಕೆ. ಕೆಲವು ಡಾಕ್ಟರ್‌ಗಳು ಬೈಯೋದೂ ಹೌದು. ಒಂದು ಸಲ ಬೈಸಿಕೊಂಡೋರು ಮುಂದಿನ ಸಲ ಹೇಳಲ್ಲ, ಆದ್ರೆ ಕುಡಿಯೋದು ನಿಲ್ಲಿಸಲ್ಲ. ಆಯುರ್ವೇದ ವೈದ್ಯರ ಹತ್ರ ಹೋದಾಗ ಇಂಗ್ಲಿಷ್ ಮಾತ್ರೆಗಳ ಪಟ್ಟಿಯನ್ನ ಅದೇ ಥರ ಮುಚ್ಚಿಡ್ತೀವಿ. ಎರಡೂ ಕಡೆ ಅರ್ಧರ್ಧ ಹೇಳಿ ಬರ್ತೀವಿ. ಎರಡು ಲೆಡ್ಜರ್ ಇಟ್ಟರೆ ಬ್ಯಾಲೆನ್ಸ್ ಶೀಟ್ ಹೇಗೆ ತಾಳೆ ಆಗುತ್ತೆ ಹೇಳಿ? ಪೂರ್ತಿ ಲೆಕ್ಕ ಗೊತ್ತಿರೋದು ಲಿವರ್‌ಗೆ ಒಂದಕ್ಕೇ.

ಇನ್ನೊಂದು ಮಾತು. "ಸಹಜ, ಹಾಗಾಗಿ ಅಡ್ಡಪರಿಣಾಮ ಇಲ್ಲ" ಅನ್ನೋದು ಆಯುರ್ವೇದದ ಮಾತಲ್ಲ, ಲೇಬಲ್‌ನ ಮಾತು. ಆಯುರ್ವೇದದಲ್ಲಿ ಯಾವುದನ್ನ ಯಾವುದರ ಜೊತೆ ಕೊಡಬೇಕು ಅನ್ನೋದಕ್ಕೆ ಅನುಪಾನ ಅಂತ ಹೆಸರಿದೆ. ಯಾವುದನ್ನ ಯಾವುದರ ಜೊತೆ ತಿನ್ನಬಾರದು ಅನ್ನೋದಕ್ಕೆ ವಿರುದ್ಧಾಹಾರ ಅಂತ ಹೆಸರಿದೆ. ಪಥ್ಯ ಇದೆ. ಬೆರಕೆಯಿಂದ ಒಳ್ಳೇದೂ ಆಗುತ್ತೆ ಕೆಟ್ಟದ್ದೂ ಆಗುತ್ತೆ ಅನ್ನೋದು ಆ ಶಾಸ್ತ್ರಕ್ಕೆ ಮೊದಲಿಂದ ಗೊತ್ತು. ಬಿಪಿಗೆ ಬಳಸಿದ ರೆಸರ್ಪಿನ್ ಅನ್ನೋ ಔಷಧಿ ಬಂದದ್ದೇ ನಮ್ಮ ಸರ್ಪಗಂಧದಿಂದ. ಗಿಡದಲ್ಲಿ ಶಕ್ತಿ ಇದೆ. ಅದಕ್ಕೇ ಹುಷಾರಾಗಿರಬೇಕು.

ಕೊನೆಗೆ ಮಾಡಬೇಕಾದ್ದು, ಚಿಕ್ಕದಾಗಿ ಹೇಳಿಬಿಡ್ತೀನಿ.

ಒಂದು, ಮನೆಯಲ್ಲಿ ದಿನಾ ಮಾತ್ರೆ ತಗೊಳ್ಳೋರು ಇದ್ರೆ ಒಂದೇ ಹಾಳೆಯಲ್ಲಿ ಎಲ್ಲ ಬರೀರಿ. ಮಾತ್ರೆ, ಚೂರ್ಣ, ಕಷಾಯ, ಲೇಹ್ಯ, ಪ್ರೋಟೀನ್ ಪುಡಿ, ಎಲ್ಲ. ಎಷ್ಟು, ಯಾವಾಗ, ಎಷ್ಟು ದಿನದಿಂದ. ಯಾವ ಪದ್ಧತಿಯ ವೈದ್ಯರ ಹತ್ರ ಹೋದ್ರೂ ಅದೇ ಹಾಳೆ. ಡಬ್ಬಿಗಳ ಫೋಟೋ ಮೊಬೈಲ್‌ನಲ್ಲಿರಲಿ.

ಎರಡು, ಮೂರ್ಛೆರೋಗ, ರಕ್ತ ತೆಳುವಾಗಿಸೋ ಮಾತ್ರೆ, ಟಿಬಿ, ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿ, ಮೊದಲೇ ಲಿವರ್ ತೊಂದರೆ. ಇವುಗಳಲ್ಲಿ ಯಾವುದೇ ಇದ್ದರೂ ಕೇಳದೆ ಒಂದು ಚಮಚ ಹೊಸದೂ ಬೇಡ. ಇಲ್ಲಿ ಮಾತ್ರೆಯ ಮಟ್ಟ ಸ್ವಲ್ಪ ಆಚೆ ಈಚೆ ಆದ್ರೂ ಜೀವಕ್ಕೆ ಬರುತ್ತೆ. ಸರ್ಜರಿ ಇದ್ರೆ ಮೊದಲೇ ಹೇಳಿ.

ಮೂರು, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಕಾರಣ ಇಲ್ಲದ ತುರಿಕೆ, ಊಟ ಸೇರದಿರೋದು, ವಾಕರಿಕೆ, ಹೊಟ್ಟೆಯ ಬಲಭಾಗದ ಮೇಲ್ಗಡೆ ನೋವು. ಇವು ಕಂಡ್ರೆ ಕಷಾಯ, ಪೂರಕಗಳನ್ನ ಅವತ್ತೇ ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಕಾಮಾಲೆಗೆ ಇನ್ನೊಂದು ನಾಟಿ ಮದ್ದು ಹುಡುಕಿಕೊಂಡು ಹೋಗಬೇಡಿ. ಡಾಕ್ಟರ್ ಬರೆದ ಮಾತ್ರೆಯನ್ನ ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ನಾಲ್ಕು, ಏನಾದ್ರೂ ತೊಂದರೆ ಆಗಿದ್ರೆ ವರದಿ ಮಾಡಿ. ಔಷಧಿಗಳ ಅಡ್ಡಪರಿಣಾಮ ದಾಖಲಿಸೋಕೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ಆಯುಷ್ ಔಷಧಿಗಳಿಗೂ ಪ್ರತ್ಯೇಕ ವ್ಯವಸ್ಥೆ ಇದೆ, ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಆ ಇಬ್ಬರು ಫಿಟ್ಸ್ ರೋಗಿಗಳ ಬಗ್ಗೆ ಯಾರೋ ಕೂತು ಬರೆದಿಟ್ಟಿದ್ದಕ್ಕೇ ಅಲ್ವಾ ನಮಗೆ ಶಂಖಪುಷ್ಪಿ ವಿಷಯ ಗೊತ್ತಾಗಿದ್ದು.

ಐದು, ಇದು ನನಗೇ ಹೇಳಿಕೊಳ್ಳೋದು. ಅಪ್ಪ-ಅಮ್ಮಂಗೆ ಆನ್‌ಲೈನ್‌ನಲ್ಲಿ ಏನಾದ್ರೂ ತರಿಸೋ ಮೊದಲು ಅವರ ಮಾತ್ರೆ ಪಟ್ಟಿ ನೋಡಿ. ಸ್ಟಾರ್ ರೇಟಿಂಗ್ ಕೊಟ್ಟೋರು ಯಾರೂ ನಿಮ್ಮಮ್ಮನ ಲಿವರ್ ನೋಡಿಲ್ಲ.

ನಮ್ಮನೆಯಲ್ಲಿ ಈಗ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಇದೆ. ಅಮ್ಮನೇ ಬರೆದಿದ್ದು. ಮೇಲೆ ಬಿಪಿ ಮಾತ್ರೆ, ಆಮೇಲೆ ಕೊಲೆಸ್ಟರಾಲ್ ಮಾತ್ರೆ, ಅದರ ಕೆಳಗೆ ನೆಗಡಿ ಆದಾಗ ಕುಡಿದ ಶುಂಠಿ ಕಷಾಯ, ತಾರೀಕು ಸಮೇತ. ಮೊನ್ನೆ ಡಾಕ್ಟರ್ "ಬೇರೆ ಏನಾದ್ರೂ?" ಅಂದಾಗ ಅಮ್ಮ ಬ್ಯಾಗಿಂದ ಆ ಹಾಳೆ ತೆಗೆದು ಕೊಟ್ರು. ಡಾಕ್ಟರ್ ಓದಿದ್ರು. ಬೈಯಲಿಲ್ಲ.

ನಿಮ್ಮನೆಯಲ್ಲೂ ಇವತ್ತು ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕೂತು ಆ ಹಾಳೆ ಬರೀರಿ. ಬರೆಯುವಾಗ ನಿಮಗೇ ಆಶ್ಚರ್ಯ ಆಗೋ ಸಾಲು ಒಂದಾದ್ರೂ ಸಿಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.